ಕಡಲಿಗೂ ಒಂದು ಲೇಔಟ್ ಪ್ಲ್ಯಾನ್: ಬಳ್ಳಾರಿಯವರಿಗೆ ಯಾಕೆ ಬೇಕು?

ಸಮುದ್ರ ಅಂದ್ರೆ ನಮಗೆ ಗೋವಾ ಟ್ರಿಪ್ ನೆನಪಾಗುತ್ತೆ. ಆದ್ರೆ ಬಳ್ಳಾರಿಯ ಉಕ್ಕಿಗೆ ಸಮುದ್ರ ದಿನನಿತ್ಯದ ಅಗತ್ಯ. ಅದಿರು ಸಂಡೂರಿನಲ್ಲೇ ಸಿಗುತ್ತೆ, ಆದ್ರೆ ಕೋಕಿಂಗ್ ಕಲ್ಲಿದ್ದಲು ಹೆಚ್ಚಾಗಿ ಹೊರದೇಶದಿಂದ ಹಡಗಿನಲ್ಲೇ ಬರಬೇಕು.

ಅಂಕೋಲಾ ಹತ್ತಿರದ ಕೇಣಿಯಲ್ಲಿ ಹೊಸ ಬಂದರು ಕಟ್ಟುವ ಯೋಜನೆ 2023ರಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್‌ಗೆ ಸಿಕ್ಕಿತು. ಶುರುವಿನ ಸಾಮರ್ಥ್ಯ ವರ್ಷಕ್ಕೆ 3 ಕೋಟಿ ಟನ್. ಬಳ್ಳಾರಿ, ಹೊಸಪೇಟೆ ಕಡೆಯ ಕಾರ್ಖಾನೆಗಳ ಸರಕು ಅಲ್ಲಿಂದ ಸಾಗಬೇಕು ಅನ್ನೋದು ಒಂದು ಉದ್ದೇಶ. 2025ರಲ್ಲಿ ಸರ್ವೆ ಕೆಲಸ ಶುರುವಾದಾಗ ಅಲ್ಲಿನ ಮೀನುಗಾರರು ಪ್ರತಿಭಟನೆಗೆ ಇಳಿದರು. ನಮ್ಮ ಊರಿನ ಕೆಲಸಗಳಿಗೂ ಅವರ ಊರಿನ ಬಲೆಗೂ ಬೇಕಾಗಿರೋದು ಒಂದೇ ನೀರು. ಹಂಚೋದು ಹೇಗೆ?

ಏನಿದು ಯೋಜನೆ?

ಇದಕ್ಕೆ ಮೆರೈನ್ ಸ್ಪೇಷಿಯಲ್ ಪ್ಲಾನಿಂಗ್ ಅಂತಾರೆ. ಸಮುದ್ರದ ಜಾಗದ ಯೋಜನೆ ಅನ್ನೋಣ. ಯಾವ ಜಾಗದಲ್ಲಿ ಮೀನುಗಾರಿಕೆ, ಎಲ್ಲಿ ಹಡಗಿನ ದಾರಿ, ಎಲ್ಲಿ ಕೇಬಲ್, ಯಾವುದನ್ನು ಮುಟ್ಟಲೇಬಾರದು ಅಂತ ಎಲ್ಲರನ್ನೂ ಕೂರಿಸಿಕೊಂಡು ಮೊದಲೇ ನಿರ್ಧರಿಸೋದು.

ಭೂಮಿಯ ಲೇಔಟಿಗಿಂತ ಇದು ಕಷ್ಟ. ಒಂದೇ ಜಾಗದಲ್ಲಿ ಮೇಲೆ ದೋಣಿ, ನಡುವೆ ಮೀನು, ತಳದಲ್ಲಿ ಕೇಬಲ್ ಇರಬಹುದು. ಜೊತೆಗೆ ಕಾಲವೂ ಲೆಕ್ಕಕ್ಕೆ ಬರುತ್ತೆ. ನಮ್ಮ ಬ್ರೂಸ್‌ಪೇಟೆಯಂಥ ಪೇಟೆ ಬೀದಿಯಲ್ಲಿ ಬೆಳಿಗ್ಗೆ ಸರಕು ಇಳಿಸಿದ ಜಾಗದಲ್ಲೇ ಸಂಜೆ ತಳ್ಳುಗಾಡಿ ನಿಲ್ಲಬಹುದು, ಹಾಗೇ. ಕರ್ನಾಟಕದ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರೋದೂ ಕಾಲದ ಹಂಚಿಕೆಯೇ.

ಬೇರೆ ದೇಶಗಳ ಜೊತೆ ಯಾಕೆ?

1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ ಒಪ್ಪಂದದ ಪ್ರಕಾರ ದಡದಿಂದ 12 ನಾಟಿಕಲ್ ಮೈಲಿವರೆಗೆ ಆ ದೇಶದ ಪ್ರಾದೇಶಿಕ ಸಮುದ್ರ. 200ರವರೆಗೆ ಮೀನು, ಖನಿಜದಂಥ ಸಂಪತ್ತಿನ ಮೇಲೆ ಅದರ ಹಕ್ಕು. ಆದ್ರೆ ಮೀನಿಗೆ, ತೇಲಿ ಬರೋ ಎಣ್ಣೆಗೆ ಈ ಗೆರೆ ಕಾಣಲ್ಲ. ಒಂದು ದೇಶ ಬಿಟ್ಟ ಹಡಗಿನ ದಾರಿ ಪಕ್ಕದ ದೇಶದ ಗಾಳಿಯಂತ್ರಗಳ ಸಾಲಿಗೆ ಹೋಗಿ ನಿಂತರೆ ಎರಡು ಪ್ಲ್ಯಾನೂ ವ್ಯರ್ಥ.

ಬಾಲ್ಟಿಕ್ ಸಮುದ್ರದ ಸುತ್ತ ಒಂಬತ್ತು ದೇಶಗಳಿವೆ. ಅಲ್ಲಿ 2010ರಿಂದ ಇದಕ್ಕೇ ಒಂದು ಜಂಟಿ ಕಾರ್ಯತಂಡ ಇದೆ. ಐರೋಪ್ಯ ಒಕ್ಕೂಟ 2014ರಲ್ಲಿ ಕಾನೂನು ತಂದು, ಕಡಲಿರೋ ಸದಸ್ಯ ದೇಶಗಳೆಲ್ಲ 2021ರ ಮಾರ್ಚ್ ಒಳಗೆ ಯೋಜನೆ ಮಾಡಬೇಕು ಅಂತ ಹೇಳಿತು. ನಮ್ಮಂಥವರಿಗೆ ಇಷ್ಟವಾಗೋ ವಿಷಯ ಇನ್ನೊಂದಿದೆ. ಬಾಲ್ಟಿಕ್ ದೇಶಗಳ ನಕ್ಷೆಗಳಲ್ಲಿ ಆಳ ಅಳೆಯೋ ಸೊನ್ನೆಯ ಮಟ್ಟವೇ ಬೇರೆ ಬೇರೆ ಇತ್ತು. ಈಗ ಒಂದೇ ಮಟ್ಟಕ್ಕೆ ಬರುತ್ತಿದ್ದಾರೆ. ಸರ್ವೇಯಿಂಗ್ ಲ್ಯಾಬಿನಲ್ಲಿ ಬೆಂಚ್‌ಮಾರ್ಕ್ ತಪ್ಪಿದರೆ ಏನಾಗುತ್ತೆ ಅಂತ ನಮಗೂ ಗೊತ್ತಲ್ಲ!

ಹಂಚಿಕೆ ನಮಗೆ ಹೊಸದೇನಲ್ಲ. ಸಿರುಗುಪ್ಪದ ಭತ್ತಕ್ಕೆ ಬರೋ ಕಾಲುವೆ ನೀರು 1953ರಲ್ಲಿ ಶುರುವಾದ ತುಂಗಭದ್ರಾ ಮಂಡಳಿಯ ಲೆಕ್ಕದಲ್ಲೇ ಬರುತ್ತೆ. ರಾಜ್ಯಗಳು ಜಗಳ ಆಡಿದರೂ ನೋಡೋದು ಒಂದೇ ಜಲಾಶಯದ ಮಟ್ಟ. ಕಡಲಿಗೂ ಎಲ್ಲರೂ ಒಪ್ಪುವ ಒಂದೇ ನಕ್ಷೆ ಮೊದಲು ಬೇಕು.

ಭಾರತ ಮತ್ತು ನಾರ್ವೆ

ನಾರ್ವೆಯಲ್ಲಿ ಮೀನುಗಾರಿಕೆಯೂ ಇದೆ, ಕಡಲ ತೈಲವೂ ಇದೆ. ಎರಡನ್ನೂ ಸಂಭಾಳಿಸೋಕೆ ಆ ದೇಶ 2006ರಲ್ಲೇ ಬ್ಯಾರೆಂಟ್ಸ್ ಸಮುದ್ರಕ್ಕೆ ಸಮಗ್ರ ಯೋಜನೆ ಮಾಡಿತು. 2019ರಲ್ಲಿ ಭಾರತ ನಾರ್ವೆ ಜೊತೆ ಒಪ್ಪಂದ ಮಾಡಿಕೊಂಡಿತು. ಪ್ರಯೋಗಕ್ಕೆ ಆರಿಸಿದ್ದು ಪುದುಚೇರಿ ಮತ್ತು ಲಕ್ಷದ್ವೀಪ. ಭೂವಿಜ್ಞಾನ ಸಚಿವಾಲಯದ ಚೆನ್ನೈನ ಕರಾವಳಿ ಸಂಶೋಧನಾ ಕೇಂದ್ರ ಕೆಲಸ ನೋಡಿಕೊಂಡಿತು. 2023ರಲ್ಲಿ ಪುದುಚೇರಿಯ ಯೋಜನಾ ಚೌಕಟ್ಟು ಹೊರಬಂತು, ಅದು ದೇಶದಲ್ಲೇ ಮೊದಲನೆಯದು.

ಉತ್ತರ ಕನ್ನಡಕ್ಕೆ ಬಂದರೆ?

ಅಲ್ಲಿನ ಕಡಲನ್ನು ಜಿಐಎಸ್ ಲೇಯರ್‌ಗಳಾಗಿ ಹಾಕಿ ನೋಡಿ. ಕಾರವಾರದಲ್ಲಿ ನೌಕಾನೆಲೆ. ಅದಿರು ಹಗರಣದಿಂದ ನಮಗೆಲ್ಲ ಹೆಸರು ಗೊತ್ತಿರೋ ಬೇಲೇಕೇರಿ ಬಂದರು. ಮುರುಡೇಶ್ವರದ ಎದುರು ನೇತ್ರಾಣಿಯ ಹವಳ. ಮೊಟ್ಟೆ ಇಡೋಕೆ ದಡಕ್ಕೆ ಬರೋ ಕಡಲಾಮೆಗಳು. ಮೀನುಗಾರಿಕೆ ಇಲಾಖೆ, ಮೆರಿಟೈಮ್ ಬೋರ್ಡ್, ಪರಿಸರ ಸಚಿವಾಲಯ, ನೌಕಾಪಡೆ ತಮ್ಮ ತಮ್ಮ ಲೇಯರ್ ನೋಡುತ್ತವೆ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡೋದೇ ಈ ಯೋಜನೆಯ ಕೆಲಸ.

ಇಲ್ಲಿ ನಾರ್ವೆ ಕೊಡಲಾಗದ್ದು ಒಂದಿದೆ. ವಿಧಾನ ಅಲ್ಲಿಂದ ಬರಬಹುದು, ಆದ್ರೆ ರಂಪಣಿ ಬಲೆ ಎಲ್ಲಿ ಎಳೀತಾರೆ, ಮಳೆಗಾಲದಲ್ಲಿ ದೋಣಿ ಎಲ್ಲಿ ಏರಿಸ್ತಾರೆ, ಒಣಮೀನು ಎಲ್ಲಿ ಹರಡ್ತಾರೆ ಅನ್ನೋದನ್ನು ಕೇಣಿಯವರೇ ಹೇಳಬೇಕು. ಅವರನ್ನು ಕೇಳದೆ ಮಾಡಿದ ನಕ್ಷೆಯಲ್ಲಿ ಆ ಜಾಗ ಖಾಲಿ ಅಂತಲೇ ಕಾಣುತ್ತೆ. ಬಂದರು ಅಲ್ಲಿಗೇ ಸರಿಯಾಗಿ ಬಂದು ಕೂರುತ್ತೆ.

ನಮ್ಮಲ್ಲಿ ಎಷ್ಟೋ ಜನ ನಾಳೆ ತೋರಣಗಲ್ಲಿನಲ್ಲೋ, ಸರ್ವೆ ಕಂಪನಿಯಲ್ಲೋ ಕೆಲಸಕ್ಕೆ ಸೇರ್ತೀವಿ. ಇಂಥದ್ದೊಂದು ನಕ್ಷೆ ನಮ್ಮ ಸ್ಕ್ರೀನಿಗೆ ಬಂದಾಗ, ಖಾಲಿ ಕಾಣೋ ಜಾಗವನ್ನು ಯಾರನ್ನಾದರೂ ಕೇಳಿ ಖಾಲಿ ಬಿಟ್ಟಿದ್ದಾರಾ ಅಂತ ಒಮ್ಮೆ ವಿಚಾರಿಸೋಣ.