ಬಾಗಿದ ಟ್ರೇಲರ್ ಆಕ್ಸಲ್: ಪತ್ತೆ ಮತ್ತು ದುರಸ್ತಿ

ಟ್ರ್ಯಾಕ್ಟರ್ ಟ್ರೇಲರಿನ ಆಕ್ಸಲ್ ಬಾಗಿದ್ದು ಮೊದಲು ಗೊತ್ತಾಗುವುದು ಟಯರಿನಿಂದ. ಆಕ್ಸಲ್ ಕಣ್ಣಿಗೆ ನೆಟ್ಟಗೇ ಕಾಣುತ್ತಿರುತ್ತದೆ. ಟಯರಿನ ಒಳಅಂಚು ಮಾತ್ರ ಒಂದೇ ಹಂಗಾಮಿನಲ್ಲಿ ನುಣ್ಣಗಾಗಿ, ಹೊರಅಂಚಿನ ಹಲ್ಲು ಹಾಗೇ ಉಳಿದಿರುತ್ತದೆ. ಇದಕ್ಕೆ ಸಾಮಾನ್ಯವಾಗಿ ಮಾಡುವ ಉಪಾಯ ಟಯರನ್ನು ರಿಮ್‌ ಮೇಲೆ ತಿರುಗಿಸಿ ಹಾಕುವುದು. ಅದರಿಂದ ಇನ್ನೊಂದು ಅಂಚೂ ಸವೆಯುತ್ತದೆಯೇ ಹೊರತು ದೋಷ ಹೋಗುವುದಿಲ್ಲ.

ರೈತರ ಟ್ರೇಲರುಗಳಲ್ಲಿ ಹೆಚ್ಚಾಗಿ ಇರುವುದು ಚೌಕ ಉಕ್ಕಿನ ಆಕ್ಸಲ್. ಎರಡು ತುದಿಗಳನ್ನು ಲೇತಿನಲ್ಲಿ ದುಂಡಗೆ ಕಡೆದು ಬೇರಿಂಗ್ ಕೂರಿಸಿರುತ್ತಾರೆ. ಹೇರಿನ ಭಾರ ಕಮಾನು ಪಟ್ಟಿಗಳ ಮೂಲಕ ಆಕ್ಸಲಿನ ಮೇಲೆ ಕೆಳಮುಖವಾಗಿ ಬೀಳುತ್ತದೆ. ಅವುಗಳಿಂದ ಆಚೆ ಇರುವ ಚಕ್ರಗಳು ತುದಿಗಳನ್ನು ಮೇಲಕ್ಕೆ ಒತ್ತುತ್ತವೆ. ಮಿತಿಮೀರಿ ಹೇರಿದಾಗ ತುದಿಗಳು ಎದ್ದು ನಡುಭಾಗ ಜಗ್ಗುತ್ತದೆ, ಎರಡೂ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ. ಬೆಳಗಾವಿ, ಬಾಗಲಕೋಟೆ ಕಡೆ ಒಂದೇ ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ ಗೂಟಕ್ಕಿಂತ ಎತ್ತರಕ್ಕೆ ಕಬ್ಬು ಹೇರುವಾಗ ಆಗುವುದು ಇದೇ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯಲ್ಲಿ ಅಧಿಕ ಭಾರಕ್ಕೆ 20,000 ರೂಪಾಯಿ ದಂಡ, ಮೇಲಾಗಿ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ. ಆಕ್ಸಲ್, ಟಯರು, ಬೇರಿಂಗಿನ ಖರ್ಚು ಅದರ ಲೆಕ್ಕಕ್ಕೆ ಸೇರಿಲ್ಲ.

ಎರಡೂ ಟಯರಿನ ಒಳಅಂಚು ಸವೆದಿದ್ದರೆ ಅದು ಭಾರದಿಂದ ಬಂದ ಬಾಗು. ಒಂದೇ ಕಡೆಯ ಟಯರು ಸವೆದಿದ್ದರೆ ಏಟು ಬಿದ್ದಿದೆ ಎಂದರ್ಥ: ವೇಗದಲ್ಲಿ ಗುಂಡಿಗೆ ಇಳಿದಿರಬಹುದು, ಬದುವನ್ನು ಓರೆಯಾಗಿ ದಾಟಿಸಿರಬಹುದು. ಏಟು ತಿಂದ ತುದಿ ಹಿಂದಕ್ಕೂ ಮೇಲಕ್ಕೂ ಸರಿಯುತ್ತದೆ. ಆ ಚಕ್ರದ ಮೂತಿ ಹೊರಕ್ಕೆ ತಿರುಗುತ್ತದೆ. ಹೀಗೆ ತಿರುಗಿದ ಚಕ್ರ ಉರುಳುತ್ತಲೇ ನೆಲವನ್ನು ಉಜ್ಜುತ್ತದೆ. ಟಯರಿನ ಮೇಲೆ ಅಂಗೈಯನ್ನು ಅಡ್ಡಡ್ಡ ಆಡಿಸಿದರೆ ಒಂದು ದಿಕ್ಕಿನಲ್ಲಿ ನುಣುಪು, ಮರಳಿ ಬರುವಾಗ ಹಲ್ಲಿನ ಚೂಪು ಅಂಚು ಕೈಗೆ ತಾಗುತ್ತದೆ. ಚಕ್ರ ಒಂದೇ ಒಂದು ಡಿಗ್ರಿ ತಿರುಗಿದ್ದರೂ ಕಿಲೋಮೀಟರಿಗೆ ಸುಮಾರು 17 ಮೀಟರಿನಷ್ಟು ಅಡ್ಡ ಎಳೆತ. ಕಾರ್ಖಾನೆಗೆ 30 ಕಿ.ಮೀ. ದೂರವಿದ್ದರೆ ಒಂದೇ ಸಲಕ್ಕೆ ಅರ್ಧ ಕಿಲೋಮೀಟರು ಟಯರನ್ನು ಅಡ್ಡಲಾಗಿ ಉಜ್ಜಿದ ಹಾಗೆ.

ಆದರೂ ಆಕ್ಸಲಿನ ಮೇಲೆ ತಪ್ಪು ಹೊರಿಸುವ ಮುನ್ನ ಉಳಿದದ್ದನ್ನು ನೋಡಬೇಕು. ಟ್ರೇಲರ್ ಖಾಲಿ ಮಾಡಿ, ಇನ್ನೊಂದು ಚಕ್ರಕ್ಕೆ ಹಿಂದೆಮುಂದೆ ಕಲ್ಲು ಕೊಟ್ಟು, ಪರೀಕ್ಷಿಸುವ ಚಕ್ರವನ್ನು ಜಾಕ್‌ನಿಂದ ಎತ್ತಬೇಕು. ಬರೀ ಜಾಕ್ ನಂಬಿ ಅಡಿಗೆ ಕೈಹಾಕುವಂತಿಲ್ಲ. ಚಾಸಿಯ ಕೆಳಗೆ ಗಟ್ಟಿ ಮರದ ದಿಮ್ಮಿ ಇರಲೇಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಕಟಕಟ ಎಂದರೆ ಬೇರಿಂಗ್ ಸಡಿಲವಾಗಿದೆ. ಅದನ್ನು ಮೊದಲು ಸರಿಪಡಿಸಬೇಕು. ನಂತರ ರಿಮ್ಮಿನ ಅಂಚಿಗೆ ಹತ್ತಿರ ಒಂದು ಕಡ್ಡಿ ಊರಿ ಚಕ್ರ ತಿರುಗಿಸಬೇಕು. ಕಡ್ಡಿಗೂ ರಿಮ್ಮಿಗೂ ನಡುವಿನ ಸಂದು ಹೆಚ್ಚುಕಡಿಮೆ ಆಗುತ್ತಿದ್ದರೆ ರಿಮ್ ಅಥವಾ ಹಬ್ ಸೊಟ್ಟಗಿದೆ. ಸಂದು ಒಂದೇ ಸಮನಾಗಿದ್ದು ಚಕ್ರ ಮಾತ್ರ ವಾಲಿಕೊಂಡೇ ತಿರುಗುತ್ತಿದ್ದರೆ ಅನುಮಾನ ಆಕ್ಸಲಿನ ಮೇಲೆ.

ಇನ್ನೊಂದು ಮೋಸದ ಜಾಗ ಕಮಾನು ಪಟ್ಟಿಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್. ಅದು ತುಂಡಾದರೆ, ಯು ಬೋಲ್ಟ್ ಸಡಿಲವಾದರೆ, ಆಕ್ಸಲ್ ಒಂದು ಕಡೆ ಹಿಂದಕ್ಕೆ ಜರುಗಿ ಟ್ರೇಲರ್ ಓರೆಯಾಗಿ ಬರುತ್ತದೆ. ಮುಂದಿನ ಕೊಂಡಿಯ ತೂತಿನಿಂದ ಆಕ್ಸಲಿನ ಎರಡೂ ತುದಿಗೆ ಟೇಪ್ ಹಿಡಿದರೆ ಅಳತೆ ಸಮ ಇರಬೇಕು. ವ್ಯತ್ಯಾಸವಿದ್ದರೆ ಮೊದಲು ಈ ಬೋಲ್ಟುಗಳನ್ನು ನೋಡಬೇಕು. ಅಗ್ಗದ ಒಂದು ಬೋಲ್ಟಿನ ಕೆಲಸಕ್ಕೆ ಆಕ್ಸಲ್ ಬಿಚ್ಚಿಸಿ ಕೂಲಿ ಕೊಟ್ಟವರು ಕಡಿಮೆಯೇನಲ್ಲ.

ಅಳತೆಗೆ ಸಿಮೆಂಟು ನೆಲದಂಥ ಸಮತಟ್ಟಾದ ಜಾಗ ಬೇಕು, ಎರಡೂ ಟಯರಿನ ಗಾಳಿ ಸಮ ಇರಬೇಕು. ಗಾರೆ ಕೆಲಸದವರ ತೂಗುಗುಂಡನ್ನು ಚಕ್ರದ ಪಕ್ಕ ಇಳಿಬಿಟ್ಟು, ದಾರದಿಂದ ರಿಮ್ಮಿನ ಮೇಲಂಚಿಗೂ ಕೆಳಅಂಚಿಗೂ ಇರುವ ದೂರ ಬರೆದುಕೊಳ್ಳಬೇಕು. ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ಮತ್ತೊಮ್ಮೆ ಅಳೆದು ಸರಾಸರಿ ತೆಗೆದರೆ ರಿಮ್ಮಿನ ಸಣ್ಣ ಸೊಟ್ಟು ಲೆಕ್ಕದಿಂದ ಹೋಗುತ್ತದೆ. 16 ಇಂಚಿನ ರಿಮ್ಮಿನಲ್ಲಿ 7 ಮಿ.ಮೀ. ವ್ಯತ್ಯಾಸ ಎಂದರೆ ಒಂದು ಡಿಗ್ರಿ ವಾಲಿದೆ. ಕೆಲವು ಆಕ್ಸಲುಗಳ ನಡುಭಾಗವನ್ನು ತಯಾರಿಸುವಾಗಲೇ ತುಸು ಮೇಲಕ್ಕೆ ಉಬ್ಬಿಸಿರುತ್ತಾರೆ, ಹೇರಿದಾಗ ನೆಟ್ಟಗಾಗಲೆಂದು. ಹಾಗಾಗಿ ಖಾಲಿ ಟ್ರೇಲರಿನ ಚಕ್ರದ ತಲೆ ಸ್ವಲ್ಪ ಹೊರಕ್ಕೆ ವಾಲಿದ್ದರೆ ಅದು ದೋಷವಲ್ಲ. ಖಾಲಿ ಇದ್ದಾಗಲೇ ಒಳಕ್ಕೆ ವಾಲಿದ್ದರೆ ಬಾಗು ಖಚಿತ.

ಮೂತಿ ತಿರುಗಿದ್ದನ್ನು ತಿಳಿಯಲು ಎರಡೂ ಚಕ್ರ ಎತ್ತಿ, ಟಯರಿನ ನಡುವೆ ಸೀಮೆಸುಣ್ಣ ಬಳಿದು, ಚಕ್ರ ತಿರುಗಿಸುತ್ತ ಅಲುಗದ ಮೊಳೆಯಿಂದ ತೆಳುವಾದ ಗೆರೆ ಎಳೆಯಬೇಕು. ಚಕ್ರ ಇಳಿಸಿ ಟ್ರೇಲರನ್ನು ಒಂದೆರಡು ಅಡಿ ಮುಂದೆ ದೂಡಿ, ಎರಡು ಗೆರೆಗಳ ನಡುವಿನ ಅಂತರವನ್ನು ಹಬ್ಬಿನ ಎತ್ತರದಲ್ಲಿ ಮುಂದೊಮ್ಮೆ, ಹಿಂದೊಮ್ಮೆ ಅಳೆಯಬೇಕು. ಎರಡು ಮೂರು ಮಿ.ಮೀ. ಏರುಪೇರು ನಡೆಯುತ್ತದೆ, ಸೆಂಟಿಮೀಟರಿಗೆ ಹೋದರೆ ನಡೆಯುವುದಿಲ್ಲ.

ಆಕ್ಸಲ್ ಕಳಚಿದ ಮೇಲೆ ಬಾಗು ಎಲ್ಲಿದೆ ಎಂಬುದೇ ಮುಖ್ಯ. ಬೇರಿಂಗ್ ಕೂರುವ ದುಂಡು ತುದಿಯಲ್ಲಿದ್ದರೆ ದುರಸ್ತಿಯ ಮಾತೇ ಬೇಡ, ಆಕ್ಸಲ್ ಬದಲಿಸಬೇಕು. ಚೌಕ ಭಾಗ ದುಂಡಾಗುವ ಮೂಲೆಯಲ್ಲೇ ಬಿರುಕು ಹುಟ್ಟುವುದು. ಅಲ್ಲಿ ಒಮ್ಮೆ ಬಗ್ಗಿಸಿ ಮರಳಿ ನೆಟ್ಟಗೆ ಮಾಡಿದ ಉಕ್ಕು ಹೇರು ತುಂಬಿದ ದಿನ ಮುರಿದು ಚಕ್ರವೇ ಕಳಚಬಹುದು. ಬಿರುಕು ಕಾಣದಿದ್ದರೆ ಹಳೆಯ ವಿಧಾನವೊಂದಿದೆ: ಆ ಜಾಗಕ್ಕೆ ಸೀಮೆಎಣ್ಣೆ ಅಥವಾ ಡೀಸೆಲ್ ಬಳಿದು ಸ್ವಲ್ಪ ಹೊತ್ತು ಬಿಟ್ಟು, ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ಸವರುವುದು. ಬಿರುಕಿದ್ದರೆ ಒಳಗೆ ಇಳಿದ ಎಣ್ಣೆ ಜಿನುಗಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಬಿರುಕಿಲ್ಲದೆ ಚೌಕ ಭಾಗ ಮಾತ್ರ ಜಗ್ಗಿದ್ದರೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ, ಕಾಯಿಸದೆ, ನೆಟ್ಟಗೆ ಮಾಡಿಸಬಹುದು. ಉಬ್ಬಿದ ಮೈಯನ್ನು ಮೇಲೆ ಮಾಡಿ, ಎರಡು ಕಡೆ ಆಸರೆ ಕೊಟ್ಟು, ಸ್ವಲ್ಪ ಸ್ವಲ್ಪವೇ ಒತ್ತಬೇಕು. ಒತ್ತಡ ಬಿಟ್ಟಾಗ ಉಕ್ಕು ಒಂದಿಷ್ಟು ಹಿಂದಕ್ಕೆ ಬರುವುದರಿಂದ ಪ್ರತಿ ಸಲ ದಾರ ಹಿಡಿದು ನೋಡಬೇಕು. ಆಸರೆ ಬೇರಿಂಗಿನ ಜಾಗಕ್ಕೆ ತಾಗಬಾರದು. ಗ್ಯಾಸಿನಿಂದ ಕೆಂಪಗೆ ಕಾಯಿಸಿ ಸುತ್ತಿಗೆಯಲ್ಲಿ ಬಡಿದು ನೀರು ಹುಯ್ಯುವುದು ಅಗ್ಗವೇನೋ ಹೌದು. ನೀರು ಬಿದ್ದ ಉಕ್ಕು ಪೆಡಸಾಗುತ್ತದೆ, ತಾನಾಗಿ ಆರಿದ್ದು ಮೆತ್ತಗಾಗುತ್ತದೆ. ಎರಡೂ ಹೇರಿಗೆ ಆಗುವುದಿಲ್ಲ. ಪ್ರೆಸ್ಸಿನಲ್ಲಿ ನೆಟ್ಟಗಾದ ಆಕ್ಸಲ್ ಕೂಡ ಮೊದಲಿಗಿಂತ ಬೇಗ ಬಾಗುತ್ತದೆ. ಎರಡನೆಯ ಸಲ ಬಾಗಿದರೆ ಗುಜರಿಗೆ.

ಬಾಗದಿರಲೆಂದು ಆಕ್ಸಲಿನ ಕೆಳಮೈಗೆ ಪಟ್ಟಿ ಬೆಸೆಯುವುದುಂಟು. ಭಾರಕ್ಕೆ ಹೆಚ್ಚು ಹಿಗ್ಗುವ ಮೈ ಅದೇ. ಅಡ್ಡಲಾಗಿ ಬಿದ್ದ ವೆಲ್ಡಿಂಗ್ ಅಲ್ಲಿ ಬಿರುಕಿನ ಬೀಜ. ಆ ದುಡ್ಡನ್ನು ದಪ್ಪ ಆಕ್ಸಲಿಗೆ ಹಾಕುವುದು ಮೇಲು. ಚೌಕದ ಬಲ ಅದರ ಅಳತೆಯ ಘನಕ್ಕೆ ತಕ್ಕಂತೆ ಏರುವುದರಿಂದ 75 ಮಿ.ಮೀ. ಬದಲು ಅದೇ ಉಕ್ಕಿನ 90 ಮಿ.ಮೀ. ಆಕ್ಸಲ್ ಸುಮಾರು 1.7 ಪಟ್ಟು ಭಾರ ತಡೆಯುತ್ತದೆ. ಬೇರಿಂಗ್, ಟಯರು, ಕಮಾನು ಪಟ್ಟಿ ಅದಕ್ಕೆ ಹೊಂದದಿದ್ದರೆ ಮುಂದಿನ ಸಲ ಕೆಡುವುದು ಅವು.

ಮರುಜೋಡಣೆಗೆ ಹಳೆಯ ಯು ಬೋಲ್ಟ್ ಬಳಸಬಾರದು, ಅವು ಹಿಗ್ಗಿರುತ್ತವೆ. ಹೊಸವನ್ನು ಮೂಲೆಯಿಂದ ಮೂಲೆಗೆ ಸರದಿಯಲ್ಲಿ ಬಿಗಿಯಬೇಕು. ಬೇರಿಂಗನ್ನು ತೊಳೆದು ಹೊಸ ಗ್ರೀಸ್ ತುಂಬಿ, ಆಯಿಲ್ ಸೀಲ್ ಬದಲಿಸಿ, ಚಕ್ರ ತಿರುಗಿಸುತ್ತಲೇ ನಟ್ಟನ್ನು ಬಿಗಿಮಾಡಿ, ಆಮೇಲೆ ಆರನೇ ಒಂದು ಸುತ್ತಿನಷ್ಟು ಸಡಿಲಿಸಿ ಹೊಸ ಸ್ಪ್ಲಿಟ್ ಪಿನ್ ಹಾಕಬೇಕು. ಮೊದಲ ಹೇರು ಇಳಿಸಿದ ಮೇಲೆ ಯು ಬೋಲ್ಟುಗಳನ್ನು ಮತ್ತೆ ಬಿಗಿದು, ಹಬ್ ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿ, ತೂಗುಗುಂಡಿನ ಅಳತೆಯನ್ನು ಇನ್ನೊಮ್ಮೆ ತೆಗೆದು ಬರೆದಿಟ್ಟುಕೊಳ್ಳಬೇಕು.