ಬೀರುವಿನ ಹಿಂದಿನ ಗೋಡೆ

ಅಪ್ಪನ ಪಿಂಚಣಿ ಕಾಗದ ಹಿಂದೆ ಬಿದ್ದಿರಬಹುದು ಅಂತ ಬೀರು ಸರಿಸಿದೆ. ಕಾಗದ ಸಿಗಲಿಲ್ಲ. ಮೊಣಕಾಲಿನಿಂದ ಎದೆಮಟ್ಟದವರೆಗೆ ಗೋಡೆ ತುಂಬ ಕಪ್ಪು ಬೂಷ್ಟು ಹಬ್ಬಿತ್ತು. ಬೀರುವಿನ ಹಿಂಬದಿಯ ಹಲಗೆ ನೆನೆಸಿಟ್ಟ ಹಪ್ಪಳದ ಹಾಗೆ ಉಬ್ಬಿತ್ತು. ಅಮ್ಮ ಕೊಟ್ಟಿದ್ದ ಎರಡು ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಹಳದಿ ಕಲೆ.

ಅದು 2022ರ ಸೆಪ್ಟೆಂಬರ್. ಮಳೆಗೆ ರಸ್ತೆ ಮುಳುಗಿ ಬೆಂಗಳೂರಿನ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ತಿಂಗಳು. ಎಲ್ಲರ ಮನೆಯೂ ತೇವವೇ, ನಮ್ಮದೇನು ವಿಶೇಷ ಅಂದುಕೊಂಡೆ. ನಮ್ಮದು ಬನಶಂಕರಿ ಕಡೆ ಎರಡನೇ ಮಹಡಿಯ ಮನೆ, ಬಾಡಿಗೆ 18,000. ಹತ್ತು ತಿಂಗಳ ಅಡ್ವಾನ್ಸ್ 1,80,000 ಓನರ್ ಹತ್ತಿರ ಇತ್ತು. ಅಷ್ಟು ದುಡ್ಡು ಅವರ ಬಳಿ ಇದ್ದ ಮೇಲೆ ನಮ್ಮ ಜುಟ್ಟೂ ಅವರ ಕೈಯಲ್ಲೇ. ಫೋನ್ ಮಾಡಿ 'ಸಾರ್, ಸ್ವಲ್ಪ ತೇವ ಬಂದಿದೆ' ಅಂದೆ. ಆ 'ಸ್ವಲ್ಪ' ಅನ್ನೋ ಪದ ಯಾಕೆ ಬಂತೋ ಈಗಲೂ ಗೊತ್ತಿಲ್ಲ. 'ಕಿಟಕಿ ತೆಗೀರಮ್ಮ, ಒಳಗೆ ಬಟ್ಟೆ ಒಣಗಿಸಬೇಡಿ' ಅಂದರು. ನಾವು ಮನೆಯೊಳಗೆ ಬಟ್ಟೆ ಒಣಗಿಸುತ್ತಿದ್ದುದು ನಿಜವೇ, ಹಾಗಾಗಿ ಬಾಯಿ ಮುಚ್ಚಿಕೊಂಡೆ.

ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ದಡ್ಡ ಖರ್ಚು. ಅಕ್ಟೋಬರಿನಲ್ಲಿ ಗೋಡೆ ಕೆರೆಸಿ, ಪುಟ್ಟಿ ಹಾಕಿಸಿ, ತೇವ ತಡೆಯುತ್ತದೆ ಎಂದು ಡಬ್ಬದ ಮೇಲೆ ಬರೆದಿದ್ದ ಪೇಂಟ್ ಹೊಡೆಸಿದೆ: 4,200. ಒಳಗೆ ನೀರಿರುವ ಗೋಡೆಯ ಮೇಲೆ ಪೇಂಟ್ ಬಳಿದರೆ ನೀರು ಹೊರಬರಲು ದಾರಿ ಇಲ್ಲದೆ ಅಲ್ಲೇ ಕೂರುತ್ತದೆ. ಡಿಸೆಂಬರ್ ಹೊತ್ತಿಗೆ ಪೇಂಟ್ ಗುಳ್ಳೆ ಎದ್ದು ಸಿಪ್ಪೆ ಬಿಟ್ಟಿತು. ಸಾಗರದ ಅಜ್ಜನ ಮನೆಯಲ್ಲಿ ಎಂಥ ಮಳೆಗೂ ಸುಣ್ಣದ ಗೋಡೆಗೆ ಬೂಷ್ಟು ಕಂಡಿದ್ದು ಕಡಿಮೆ. ಹಸಿ ಸುಣ್ಣದ ಕ್ಷಾರ ಬೂಷ್ಟಿಗೆ ಆಗಿಬರುವುದಿಲ್ಲ, ಮೇಲಾಗಿ ಸುಣ್ಣದ ಗೋಡೆ ಉಸಿರಾಡುತ್ತದೆ. ಅಟ್ಟಕ್ಕೆ ಒಲೆಯ ಹೊಗೆ ಬೇರೆ. ನಾವು ಸುಣ್ಣ ಬಿಟ್ಟು ಪ್ಲಾಸ್ಟಿಕ್ ಬಳಿದುಕೊಂಡವರು. ಇರಲಿ.

ಲೆಕ್ಕ ಇನ್ನೂ ಇದೆ. ಬೀರು ಎಸೆದು ಹೊಸದು ತಂದಿದ್ದಕ್ಕೆ 11,500. ಸೀರೆಗಳ ಡ್ರೈಕ್ಲೀನಿಂಗ್‌ಗೆ 1,800, ಆದರೂ ಒಂದರ ಕಲೆ ಹೋಗಲಿಲ್ಲ. ತೇವ ಹೀರುವ ಡಬ್ಬಿಗಳಿಗೆ 1,500. ಒಟ್ಟು 19,000, ಅಂದರೆ ಒಂದು ತಿಂಗಳ ಬಾಡಿಗೆಗಿಂತ ಸಾವಿರ ಜಾಸ್ತಿ. ಮಗನ ಕೆಮ್ಮಿಗೆ ಡಾಕ್ಟರಿಗೆ ಕೊಟ್ಟಿದ್ದನ್ನು ನಾನು ಇದಕ್ಕೆ ಸೇರಿಸಿಲ್ಲ. ಅದು ಗೋಡೆಯಿಂದಲೇ ಬಂತು ಅಂತ ಆಣೆ ಮಾಡಿ ಹೇಳಲಾರೆ.

ಜನವರಿಯಲ್ಲಿ ಮಳೆಯೇ ಇಲ್ಲ, ಗೋಡೆ ಮಾತ್ರ ಒದ್ದೆ. ಆಗ ಪರಿಚಯದ ಪ್ಲಂಬರ್ ಒಬ್ಬರು ಖರ್ಚಿಲ್ಲದ ಪರೀಕ್ಷೆ ಹೇಳಿಕೊಟ್ಟರು. ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ ಎರಡು ದಿನ ಬಿಡಬೇಕು. ಹನಿ ನಮ್ಮ ಕಡೆಗೆ ಕೂತರೆ ಅದು ಕೋಣೆಯ ತೇವ, ಬಟ್ಟೆ ಒಣಗಿಸಿದ್ದು ನಮ್ಮದೇ ತಪ್ಪು. ಗೋಡೆಯ ಕಡೆಗೆ ಕೂತರೆ ನೀರು ಒಳಗಿನಿಂದ ಬರುತ್ತಿದೆ. ನಮ್ಮ ಹಾಳೆ ಗೋಡೆಯ ಕಡೆ ಬೆವತಿತ್ತು. ಆಚೆ ಬದಿಯಲ್ಲಿ ಬಾತ್‌ರೂಮ್. ಟೈಲ್ಸ್ ಹಿಂದೆ ಹಳೇ ಕಬ್ಬಿಣದ ಪೈಪಿನ ಜಾಯಿಂಟ್ ತುಕ್ಕು ಹಿಡಿದು ಜಿನುಗುತ್ತಿತ್ತು.

ಈ ಸಲ ಫೋನ್ ಮಾಡಲಿಲ್ಲ, ಬರೆದೆ. ತಾರೀಖು, ಹಾಳೆಯ ಫೋಟೊ, ಗೋಡೆಯ ಫೋಟೊ, ಪ್ಲಂಬರ್ ಕೊಟ್ಟ ಅಂದಾಜು, ಹದಿನೈದು ದಿನದ ಗಡುವು. ವಾಟ್ಸ್ಆ್ಯಪ್‌ನಲ್ಲೂ ಕಳಿಸಿದೆ, ರಿಜಿಸ್ಟರ್ಡ್ ಅಂಚೆಯಲ್ಲೂ ಕಳಿಸಿದೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಇವತ್ತು ಆ ದುಡ್ಡಿಗೆ ಕಾರ್ ನಿಲ್ಲಿಸುವ ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನಮ್ಮಂಥವರಿಗೆ ಉಳಿಯುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ. ಮಾಲೀಕ ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಮಂಜಸ ಅವಧಿಯಲ್ಲಿ ಮಾಡದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಬಡ್ಡಿ ಸಮೇತ ಬಾಡಿಗೆಯಲ್ಲಿ ಹಿಡಿದುಕೊಳ್ಳಬಹುದು. ಕರಾರಿನಲ್ಲಿ ಬೇರೆ ಮಾತಿದ್ದರೆ ಕರಾರಿನದ್ದೇ ಮೇಲುಗೈ. ನಾನು ಮೂರು ವರ್ಷದಲ್ಲಿ ಮೂರು ಸಲ ಸಹಿ ಹಾಕಿದ್ದ ಹನ್ನೊಂದು ತಿಂಗಳ ಕರಾರನ್ನು ಪೂರ್ತಿ ಓದಿದ್ದು ಅವತ್ತೇ. ಪುಣ್ಯಕ್ಕೆ, ದೊಡ್ಡ ರಿಪೇರಿ ಮಾಲೀಕರದ್ದು ಅಂತಿತ್ತು.

ವಿಮೆಯನ್ನೂ ವಿಚಾರಿಸಿದೆ. ಮನೆ ನಮ್ಮದಲ್ಲದಿದ್ದರೂ ಒಳಗಿನ ಸಾಮಾನಿಗೆ ವಿಮೆ ಮಾಡಿಸಬಹುದು. ಆದರೆ ಪೈಪ್ ಒಡೆದು ನೀರು ನುಗ್ಗಿದರೆ ದುಡ್ಡು ಬಂದೀತು, ತಿಂಗಳುಗಟ್ಟಲೆ ಜಿನುಗಿದ್ದಕ್ಕೆ ಸಾಮಾನ್ಯವಾಗಿ ಬರುವುದಿಲ್ಲ.

ಫೆಬ್ರವರಿಯಲ್ಲಿ ಆರು ಟೈಲ್ಸ್ ಒಡೆದು ಪೈಪ್ ಬದಲಿಸಿದರು. ಓನರ್‌ಗೆ ಬಿದ್ದ ಖರ್ಚು 7,500. ಅದಕ್ಕಾಗಿ ನಾನು 19,000 ಕಳೆದುಕೊಂಡು ಕೂತಿದ್ದೆ.

ಓನರ್‌ಗೆ ಬರೆದ ಆ ಕಾಗದ ನಿಜವಾಗಿ ಕೆಲಸಕ್ಕೆ ಬಂದದ್ದು ನವೆಂಬರಿನಲ್ಲಿ, ಮನೆ ಬಿಡುವಾಗ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರಿನ ಪದ್ಧತಿ, ಕರಾರಿನಲ್ಲೂ ಇತ್ತು. ಅದರ ಮೇಲೆ 'ಗೋಡೆ ಹಾಳು ಮಾಡಿದ್ದಕ್ಕೆ' ಇನ್ನೂ 22,000 ಅಂದರು. ಜನವರಿಯ ಕಾಗದದ ಪ್ರತಿಯನ್ನೂ ಅಂಚೆಯ ರಸೀದಿಯನ್ನೂ ಟೀಪಾಯಿ ಮೇಲಿಟ್ಟೆ. ಸ್ವಲ್ಪ ಹೊತ್ತು ಕನ್ನಡಕ ಒರೆಸಿಕೊಂಡರು. 1,62,000 ಎರಡು ಕಂತಿನಲ್ಲಿ ವಾಪಸ್ ಬಂತು. ಬೀರುವಿನ ದುಡ್ಡು ಕೇಳುವ ಧೈರ್ಯ ಮಾತ್ರ ಆಗಲೂ ಬರಲಿಲ್ಲ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಸಾಕು ಅನ್ನುತ್ತದೆ, ಆದರೆ ರಾಜ್ಯಗಳು ಒಪ್ಪಿದರೆ ಮಾತ್ರ ಅದಕ್ಕೆ ಜೀವ. ನನ್ನ 36,000 ಮಾತ್ರ ಅವರ ಹತ್ತಿರ ಇದ್ದಿದ್ದರೆ ಮೊದಲ ಫೋನಿನಲ್ಲಿ 'ಸ್ವಲ್ಪ' ಅಂತಿರಲಿಲ್ಲ ಅನಿಸುತ್ತದೆ.

ನಾವಿನ್ನೂ ಪೆಟ್ಟಿಗೆ ಕಟ್ಟುತ್ತಿರುವಾಗಲೇ ಹೊಸದಾಗಿ ಮದುವೆಯಾದ ಜೋಡಿಯೊಂದು ಮನೆ ನೋಡಲು ಬಂತು. ಹುಡುಗ ಬ್ರೋಕರ್ ಜತೆ ಬಾಲ್ಕನಿಗೆ ಹೋದಾಗ ಹುಡುಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: 'ಅಕ್ಕಾ, ಇಲ್ಲಿ ನೀರು ಹೇಗೆ?'

'ಕಾವೇರಿ ದಿನ ಬಿಟ್ಟು ದಿನ ಬರುತ್ತೆ,' ಅಂದೆ. 'ಇನ್ನೊಂದು ಆ ಗೋಡೆಯಲ್ಲಿ ಬರ್ತಿತ್ತು, ಫೆಬ್ರವರಿಯಲ್ಲಿ ನಿಲ್ಲಿಸಿದ್ದಾರೆ. ಬೀರು ಇಟ್ಟರೆ ಅರ್ಧ ಅಡಿ ಈಚೆಗೇ ಇಡು.'