ಬೆಂಕಿಯ ಗುಟ್ಟು: ‘ಡಾಕ್ಟರ್ ಹೂ’ ಮೊದಲ ಕಥೆಯ ಪುನರವಲೋಕನ

ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯು 1963ನೆಯ ಇಸವಿ ನವೆಂಬರ್ 23, ಶನಿವಾರ ಸಂಜೆ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಲ್ಪನೆಯ ಧಾರಾವಾಹಿಯ ಮೊದಲ ಕಂತನ್ನು ಟೆಲಿವಿಷನ್ನಿನಲ್ಲಿ ಬಿತ್ತರಿಸಿತು. ಹಿಂದಿನ ದಿನವೇ ಅಮೆರಿಕದ ಅಧ್ಯಕ್ಷ ಕೆನೆಡಿಯವರ ಹತ್ಯೆಯಾಗಿತ್ತು. ಜನರ ಮನಸ್ಸೆಲ್ಲ ಆ ಸುದ್ದಿಯ ಮೇಲಿದ್ದುದರಿಂದ, ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಮೊದಲನೆಯದನ್ನೇ ಇನ್ನೊಮ್ಮೆ ತೋರಿಸಬೇಕಾಯಿತು. ಆಗ ನಮ್ಮ ದೇಶದಲ್ಲಿ ಟೆಲಿವಿಷನ್ ಇದ್ದುದು ದೆಹಲಿಯೊಂದರಲ್ಲೇ, ಅದೂ 1959ರಿಂದ ಪ್ರಯೋಗವಾಗಿ. ನಮ್ಮ ಕಲಬುರಗಿ, ರಾಯಚೂರು, ಬಿಜಾಪುರದ ಕೆಲವು ಹಳ್ಳಿಗಳವರು ಉಪಗ್ರಹದ ಮೂಲಕ ಕನ್ನಡ ಕಾರ್ಯಕ್ರಮ ಕಂಡದ್ದು 1975ರಲ್ಲಿ.

ನಾಲ್ಕು ಕಂತುಗಳ ಈ ಕಥೆಯನ್ನು ಮೊದಲ ಕಂತಿನ ಹೆಸರಿನಿಂದಲೇ ‘ಆನ್ ಅನ್‌ಅರ್ಥ್‌ಲಿ ಚೈಲ್ಡ್’ ಎಂದು ಕರೆಯುವುದು ವಾಡಿಕೆ. ಈ ಲೋಕದ್ದಲ್ಲದ ಮಗು ಎಂದರ್ಥ. ಒಂದೊಂದು ಕಂತು ಸುಮಾರು 25 ನಿಮಿಷ. ಪಾಳಿ ಮುಗಿಸಿ ಬಂದವರು ಎರಡು ರಾತ್ರಿಗಳಲ್ಲಿ ನೋಡಿ ಮುಗಿಸಬಹುದು.

ಇದನ್ನು ನಮ್ಮ ವಾಚಕರ ಮುಂದಿಡಲು ಒಂದು ಕಾರಣವುಂಟು. ಇಂಗ್ಲಿಷರ ಮನೆಮಾತಾದ ಈ ಆಟವನ್ನು ಕಟ್ಟಿದವರಲ್ಲಿ ಬಹುಮಂದಿ ಹೊರಗಿನಿಂದ ಬಂದವರು. ಇಂಥದೊಂದು ಧಾರಾವಾಹಿ ಬೇಕೆಂದು ಮುಂದೆ ನಿಂತ ನಾಟಕ ವಿಭಾಗದ ಮುಖ್ಯಸ್ಥ ಸಿಡ್ನಿ ನ್ಯೂಮನ್ ಕೆನಡಾದವರು. ಕಥೆ ಬರೆದ ಆಂಟನಿ ಕೋಬರ್ನ್ ಆಸ್ಟ್ರೇಲಿಯಾದವರು. ಶೀರ್ಷಿಕೆ ಸಂಗೀತದ ರಾಗ ಹೊಸೆದ ರಾನ್ ಗ್ರೇನರ್ ಕೂಡ ಆಸ್ಟ್ರೇಲಿಯಾದವರೇ. ನಿರ್ದೇಶಕರು ವಾರಿಸ್ ಹುಸೇನ್. ಇವರು 1938ರಲ್ಲಿ ನಮ್ಮ ಲಖನೌದಲ್ಲಿ ಹುಟ್ಟಿ, ಬಾಲ್ಯದಲ್ಲೇ ತಾಯಿತಂದೆಗಳೊಡನೆ ಇಂಗ್ಲೆಂಡಿಗೆ ಹೋದವರು. ತಾಯಿ ಅತಿಯಾ ಹುಸೇನ್ ಹೆಸರಾದ ಲೇಖಕಿ. ಮೊದಲ ಕಂತು ಪ್ರಸಾರವಾದಾಗ ವಾರಿಸರಿಗೆ 25 ತುಂಬಿರಲಿಲ್ಲ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಇಂಗ್ಲೆಂಡಿನವರೇ ಆದರೂ, 28 ತುಂಬದ ಹೆಣ್ಣುಮಗಳು. ಆ ವಿಭಾಗದಲ್ಲಿ ಆಗ ನಿರ್ಮಾಪಕಿಯಾಗಿದ್ದ ಹೆಂಗಸು ಅವರೊಬ್ಬರೇ. ಇವರಿಗೆ ಕೊಟ್ಟ ಜಾಗವಾದರೂ ಎಂಥದು? ಲಂಡನ್ನಿನ ಲೈಮ್ ಗ್ರೋವ್ ಎಂಬಲ್ಲಿನ ‘ಡಿ’ ಸ್ಟುಡಿಯೋ: ಹಳೆಯದು, ಇಕ್ಕಟ್ಟಾದದ್ದು, ದೀಪ ಹಚ್ಚಿದರೆ ಒಲೆಯಂತೆ ಕಾಯುವಂಥದು. ಮೊದಲ ಸಲ ತೆಗೆದ ಕಂತು ನ್ಯೂಮನ್‌ರಿಗೆ ಒಪ್ಪಿಗೆಯಾಗಲಿಲ್ಲ. ಮುದುಕನ ಪಾತ್ರ ತೀರ ಕಟುವಾಯಿತೆಂದು ಇಡೀ ಕಂತನ್ನು ಹೊಸದಾಗಿ ತೆಗೆಸಿದರು.

ಇನ್ನು ಕಥೆ. ಲಂಡನ್ನಿನ ಶಾಲೆಯೊಂದರಲ್ಲಿ ಸೂಸನ್ ಎಂಬ ಹುಡುಗಿ ಓದುತ್ತಿದ್ದಾಳೆ. ಕೆಲವು ವಿಷಯಗಳಲ್ಲಿ ಉಪಾಧ್ಯಾಯರನ್ನೇ ಮೀರಿಸುವ ಜ್ಞಾನ, ಇನ್ನು ಕೆಲವರಲ್ಲಿ ಮಕ್ಕಳಿಗೂ ತಿಳಿದದ್ದು ಅವಳಿಗೆ ತಿಳಿಯದು. ಇತಿಹಾಸದ ಬಾರ್ಬರಾ ಮತ್ತು ವಿಜ್ಞಾನದ ಇಯಾನ್ ಎಂಬ ಇಬ್ಬರು ಉಪಾಧ್ಯಾಯರು ಅವಳನ್ನು ಹಿಂಬಾಲಿಸಿ ಒಂದು ಗುಜರಿ ಅಂಗಳಕ್ಕೆ ಬರುತ್ತಾರೆ. ಅಲ್ಲಿ ಪೊಲೀಸ್ ಪೆಟ್ಟಿಗೆಯೊಂದು ನಿಂತಿದೆ. ಪೊಲೀಸರಿಗೆ ಫೋನು ಮಾಡಲೆಂದು ಅಲ್ಲಿನ ಬೀದಿಗಳಲ್ಲಿ ಇಡುತ್ತಿದ್ದ ನೀಲಿ ಗೂಡು ಅದು. ಬಾಗಿಲು ತೆರೆದು ಒಳಹೊಕ್ಕರೆ ಹೊರಗಿಗಿಂತ ಒಳಗೇ ದೊಡ್ಡದು! ಕಾಲದಲ್ಲಿಯೂ ಆಕಾಶದಲ್ಲಿಯೂ ಸಂಚರಿಸುವ ಹಡಗದು. ಯಜಮಾನ ಸೂಸನ್ನಳ ಅಜ್ಜ, ‘ಡಾಕ್ಟರ್’. ತಾಯ್ನೆಲದಿಂದ ದೂರವಾದ ಇವರಿಬ್ಬರೂ ಅಲೆಮಾರಿಗಳು.

ಗುಮಾಸ್ತರಾದ ವಾಚಕರು ಇಲ್ಲಿ ಒಂದು ಚಿಕ್ಕ ಪ್ರಸಂಗವನ್ನು ಮರೆಯದೆ ಗಮನಿಸಬೇಕು. ಒಂದು ಪೌಂಡಿಗೆ ಎಷ್ಟು ಷಿಲ್ಲಿಂಗು ಎಂದು ಸೂಸನ್‌ಗೆ ಗೊತ್ತಿಲ್ಲ. ದಶಮಾಂಶ ನಾಣ್ಯ ಈಗಾಗಲೇ ಬಂದಿದೆಯೆಂದು ಅವಳು ಭ್ರಮಿಸಿದ್ದಾಳೆ, ತರಗತಿಯೆಲ್ಲ ನಗುತ್ತದೆ. ಆಗ ಇಂಗ್ಲೆಂಡಿನಲ್ಲಿ 12 ಪೆನ್ನಿಗೆ ಒಂದು ಷಿಲ್ಲಿಂಗು, 20 ಷಿಲ್ಲಿಂಗಿಗೆ ಒಂದು ಪೌಂಡು. ಅಲ್ಲಿ ದಶಮಾಂಶ ಬಂದದ್ದು 1971ರ ಫೆಬ್ರುವರಿ 15ರಂದು. ಆದರೆ ನಮ್ಮಲ್ಲಿ? 1957ರ ಏಪ್ರಿಲ್ 1ರಂದೇ ರೂಪಾಯಿ ನೂರು ನಯಾಪೈಸೆಯಾಗಿತ್ತು. ಅಂದಿನ ನಮ್ಮ ಅಂಗಡಿಕಾರರೂ ಲೆಕ್ಕಪತ್ರದವರೂ ಪಟ್ಟ ಪಾಡೇನು ಸಾಮಾನ್ಯವೆ? ನಾಲ್ಕಾಣೆಗೆ 25 ಸರಿಹೋಗುತ್ತದೆ. ಒಂದಾಣೆಗೆ ಆರೂಕಾಲು ಬರುತ್ತದೆ, ಆ ಕಾಲು ಯಾರ ಪಾಲು? ಅಂತೂ ಲಂಡನ್ನಿನ ಮಕ್ಕಳು ಯಾವುದನ್ನು ಕಂಡು ನಕ್ಕರೋ ಅದನ್ನು ಭಾರತದ ಹಳ್ಳಿಯ ಸಂತೆಗಳು ಆರು ವರ್ಷ ಮೊದಲೇ ರೂಢಿಸಿಕೊಂಡಿದ್ದವು. ಮುಂದಿನ ಕಾಲದ ಹುಡುಗಿಯ ಗುರುತೆಂದು ಇಟ್ಟ ಈ ಮಾತು ನಮಗೆ ಹಳೆಯ ಸುದ್ದಿಯಾಗಿ ಕೇಳಿಸುತ್ತದೆ.

ಗುಟ್ಟು ಬಯಲಾದೀತೆಂಬ ಭಯದಿಂದ ಮುದುಕನು ಉಪಾಧ್ಯಾಯರನ್ನು ಹೊರಗೆ ಬಿಡದೆ ಹಡಗನ್ನು ನಡೆಸಿಬಿಡುತ್ತಾನೆ. ಅದು ಶಿಲಾಯುಗದಲ್ಲಿ ಇಳಿಯುತ್ತದೆ. ಇಲ್ಲಿಂದಾಚೆಯ ಮೂರು ಕಂತುಗಳನ್ನು ಬಿಟ್ಟುಬಿಡಿರೆಂದು ಹೇಳುವವರು ಬಹಳ. ಗುಹೆಯವರ ವಾಗ್ವಾದ ಉದ್ದವಾಯಿತು, ಕಾಡಿನೊಳಗಿನ ಓಟ ಎಳೆದಂತಾಯಿತು ಎಂಬುದು ನಿಜ. ಆದರೂ ಬಿಡಬಾರದೆಂದು ನಮ್ಮ ಅಭಿಪ್ರಾಯ.

ಆ ಗುಹೆಯ ಕುಲಕ್ಕೆ ಬೆಂಕಿ ಆರಿಹೋಗಿದೆ. ‘ಜಾ’ ಎಂಬವನ ತಂದೆಗೆ ಬೆಂಕಿ ಮಾಡುವ ವಿದ್ಯೆ ಗೊತ್ತಿತ್ತು. ಅವನು ಅದನ್ನು ಮಗನಿಗೂ ಹೇಳಿಕೊಡದೆ ಸತ್ತ. ಮಗನು ಎಲುಬನ್ನು ತಿಕ್ಕುತ್ತಾನೆ, ಬೂದಿ ಎರಚುತ್ತಾನೆ, ಕಿಡಿ ಹುಟ್ಟದು. ಬೆಂಕಿ ಮಾಡುವವನೇ ನಾಯಕ. ಮಾಡಲಾರದವನನ್ನು ಚಳಿಯಲ್ಲಿ ನಡುಗುವ ಜನ ಏಕೆ ಮನ್ನಿಸಿಯಾರು? ‘ಕಾಲ್’ ಎಂಬ ಪ್ರತಿಸ್ಪರ್ಧಿ ಹೊಂಚು ಹಾಕಿದ್ದಾನೆ. ಡಾಕ್ಟರನು ಪೈಪು ಹಚ್ಚುವುದನ್ನು ಕಂಡ ಅವನು, ಈತನ ಬೆರಳಿನಿಂದ ಬೆಂಕಿ ಬರುತ್ತದೆಂದು ಹಿಡಿದು ತರುತ್ತಾನೆ. ಬೆಂಕಿಪೊಟ್ಟಣವೋ ದಾರಿಯಲ್ಲೇ ಕಳೆದುಹೋಯಿತು! ಕೊನೆಗೆ ವಿಜ್ಞಾನದ ಉಪಾಧ್ಯಾಯನು, ನಮ್ಮವರು ಯಜ್ಞಕ್ಕೆ ಅರಣಿ ಕಡೆಯುವ ಹಾಗೆ, ಮರಕ್ಕೆ ಮರ ಮಥಿಸಿ ಕಿಡಿ ಎಬ್ಬಿಸಬೇಕಾಗುತ್ತದೆ. ಪುಸ್ತಕದಲ್ಲಿ ಘರ್ಷಣೆಯಿಂದ ಉಷ್ಣವೆಂದು ಬರೆಸುವುದಕ್ಕೂ ಅಂಗೈ ಸುಲಿಯುವ ತನಕ ತಿರುವುವುದಕ್ಕೂ ಎಷ್ಟು ಅಂತರ!

ಆಗ ಜಾನಿಗೂ ಇಯಾನನಿಗೂ ನಡೆಯುವ ಮಾತು ಇಡೀ ಕಥೆಯ ತಿರುಳು. ನಿಮ್ಮ ಕುಲದಲ್ಲಿ ನಾಯಕ ಯಾರೆಂದು ಇವನು ಕೇಳಿದರೆ, ಅವನು ಮುದುಕನನ್ನು ತೋರಿಸುತ್ತಾನೆ. ಬೆಂಕಿ ಮಾಡುವವನು ನಮ್ಮಲ್ಲಿ ಎಲ್ಲರಿಗಿಂತ ಕಿರಿಯನು, ಏಕೆಂದರೆ ನಮ್ಮವರೆಲ್ಲರೂ ಬೆಂಕಿ ಮಾಡಬಲ್ಲರು ಎಂಬರ್ಥದ ಉತ್ತರ ಬರುತ್ತದೆ. ಜಾ ನಂಬಲಾರ. ಗುಟ್ಟೇ ಪದವಿಯಾಗಿರುವವನಿಗೆ ಎಲ್ಲರಿಗೂ ತಿಳಿದ ವಿದ್ಯೆ ಎಂಬುದು ಹೇಗೆ ಅರ್ಥವಾದೀತು? ಕುಲುಮೆಯ ಬಳಿಯಾಗಲಿ ಲೆಡ್ಜರಿನ ಮೇಜಿನ ಬಳಿಯಾಗಲಿ, ಮುಖ್ಯ ಸಂಗತಿಯನ್ನು ಮಾತ್ರ ಬಾಯಿ ಬಿಡದ ಹಿರಿಯರನ್ನು ಕಂಡಿರುವ ಹಜೀರಾದ ನಮಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಬೆಂಕಿ ಸಿಕ್ಕಮೇಲೆ ಜಾ ಇವರನ್ನು ಬಿಡುಗಡೆ ಮಾಡಿದನೇ? ಇಲ್ಲ; ಕುಲದಲ್ಲೇ ಇರಬೇಕೆಂದು ಹಿಡಿದಿಟ್ಟ. ಉರಿಯುವ ಪಂಜುಗಳ ಮೇಲೆ ತಲೆಬುರುಡೆಗಳನ್ನು ಕೂರಿಸಿ, ಅವರನ್ನು ಹೆದರಿಸಿ ಓಡಿಬರಬೇಕಾಯಿತು. ಕಥೆಗಾರನು ಇಲ್ಲಿ ಸಿಹಿ ಬೆರೆಸದೆ ಬಿಟ್ಟದ್ದು ನಮಗೆ ಹಿಡಿಸಿತು.

ಡಾಕ್ಟರನಾದರೂ ಇನ್ನೂ ನಾಯಕನಾಗಿಲ್ಲ. ಗಾಯಗೊಂಡು ಬಿದ್ದ ಜಾನ ಬಳಿ ಅವನು ಚೂಪುಗಲ್ಲನ್ನು ಕೈಗೆತ್ತಿಕೊಳ್ಳುವ ಕ್ಷಣವೊಂದಿದೆ. ಇಯಾನ್ ಕೈ ಹಿಡಿಯುತ್ತಾನೆ. ನಕ್ಷೆ ಬರೆಸಲೆಂದು ತೆಗೆದೆ ಎಂದು ಮುದುಕನ ಸಮಜಾಯಿಷಿ. ಹಾರ್ಟ್‌ನೆಲ್ ಎಂಬ ನಟ ಆ ಸುಳ್ಳನ್ನು ಹೇಳುವ ಬಗೆ ನೋಡತಕ್ಕದ್ದು.

ಈ ಕಥೆಯ ನಾಲ್ಕು ಕಂತುಗಳೂ ಉಳಿದಿವೆ. ಎಲ್ಲಕ್ಕೂ ಆ ಭಾಗ್ಯವಿಲ್ಲ. ಟೇಪು ದುಬಾರಿಯಾದ್ದರಿಂದ ಬಿ.ಬಿ.ಸಿ.ಯವರು ಅಳಿಸಿ ಮತ್ತೆ ಬಳಸುತ್ತಿದ್ದರು. ಫಿಲ್ಮಿನ ಪ್ರತಿಗಳೂ ನಾಶವಾದವು. ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳು ಹೀಗೆ ಹೋದವು. ಪರದೇಶಗಳಿಗೆ ಮಾರಿದ ಪ್ರತಿಗಳಿಂದ ಕೆಲವು ಮರಳಿದವು: 1991ರಲ್ಲಿ ಹಾಂಗ್‌ಕಾಂಗಿನಿಂದ, 2013ರಲ್ಲಿ ನೈಜೀರಿಯಾದಿಂದ. 2023ರಲ್ಲಿ ಹಳೆಯ ಕಂತುಗಳನ್ನೆಲ್ಲ ಇಂಟರ್‌ನೆಟ್ಟಿನಲ್ಲಿ ಇಟ್ಟಾಗ, ಕರ್ತೃವಿನ ಹಕ್ಕುದಾರರೊಡನೆ ಒಪ್ಪಂದವಾಗದೆ ಈ ಮೊದಲ ಕಥೆಯೇ ಹೊರಗುಳಿಯಿತು. ಡಿ.ವಿ.ಡಿ.ಯಾಗಿ ಮೊದಲೇ ಹೊರಬಂದಿತ್ತು.

ವಾರಿಸ್ ಹುಸೇನರು 1964ರಲ್ಲಿ ಇದೇ ಧಾರಾವಾಹಿಗೆ ‘ಮಾರ್ಕೊ ಪೋಲೋ’ ಕಥೆಯ ಏಳರಲ್ಲಿ ಆರು ಕಂತುಗಳನ್ನು ನಿರ್ದೇಶಿಸಿದರು. ಆ ಏಳರಲ್ಲಿ ಒಂದರ ಚಿತ್ರವೂ ಇಂದು ದೊರೆಯುವುದಿಲ್ಲ. ಕೆಲವು ಛಾಯಾಚಿತ್ರಗಳಿವೆ, ಧ್ವನಿ ಮಾತ್ರ ಪೂರ್ತಿ ಇದೆ, ಆ ಸಂಜೆಗಳಲ್ಲಿ ನೋಡುಗರು ತಮ್ಮ ಮನೆಯ ಟೇಪ್ ರೆಕಾರ್ಡರಿನಲ್ಲಿ ಹಿಡಿದಿಟ್ಟುಕೊಂಡದ್ದರಿಂದ.